ಗಣಕಲೋಕದ ವೈಯಾಕರಣ ಕ್ರಿಸ್ಟೊಫರ್ ಸ್ಟ್ರೇಚಿ

ಸ್ಟ್ರೇಚಿ ಎಂಬ ಮನೆತನದ ಹೆಸರು ಭಾರತದ ಚರಿತ್ರೆಯನ್ನು ಓದಿದವರಿಗೆ ಹೊಸದಲ್ಲ. 1876ರಿಂದ 1878ರ ವರೆಗೆ ಮೈಸೂರು, ಮದ್ರಾಸು ಸೀಮೆಗಳನ್ನು ಹಿಂಡಿದ ಧಾತು ಸಂವತ್ಸರದ ಬರವು ನಮ್ಮ ಹಿರಿಯರ ಬಾಯಲ್ಲಿ ಬಹುಕಾಲ ಉಳಿದಿತ್ತು. ಆ ಬರದ ಕಾರಣಗಳನ್ನು ವಿಚಾರಿಸಲು ಸರಕಾರ ನೇಮಿಸಿದ ಕ್ಷಾಮ ಆಯೋಗದ ಅಧ್ಯಕ್ಷನಾಗಿದ್ದವನು ರಿಚರ್ಡ್ ಸ್ಟ್ರೇಚಿ. ಕಾಲುವೆ, ರೈಲುದಾರಿ, ಹಣಕಾಸು ಹೀಗೆ ನಾನಾ ಇಲಾಖೆಗಳಲ್ಲಿ ದುಡಿದ ಆಂಗ್ಲ ಅಧಿಕಾರಿ ಆತ. ಆತನ ಮಕ್ಕಳಲ್ಲೊಬ್ಬನಾದ ಲಿಟನ್ ಸ್ಟ್ರೇಚಿಯು 1918ರಲ್ಲಿ ಜೀವನಚರಿತ್ರೆಯ ಬರವಣಿಗೆಗೆ ಹೊಸ ಮಾರ್ಗವನ್ನೇ ತೋರಿಸಿದನು. ಇಂಗ್ಲಿಷ್ ಸಾಹಿತ್ಯದ ವಿದ್ಯಾರ್ಥಿಗಳಿಗೆ ಸ್ಟ್ರೇಚಿ ಎಂದರೆ ಅವನೇ. ನಾನು ಹೇಳಹೊರಟಿರುವುದು ಇವರಿಬ್ಬರ ಕಥೆಯನ್ನಲ್ಲ. ರಿಚರ್ಡನ ಮೊಮ್ಮಗನೂ ಲಿಟನ್ನನ ಅಣ್ಣನ ಮಗನೂ ಆದ ಕ್ರಿಸ್ಟೊಫರನ ಕಥೆಯನ್ನು. ಗಣಕಯಂತ್ರದ ವಿದ್ಯೆಯನ್ನು ಬಲ್ಲವರಲ್ಲಿ ಈತನ ಹೆಸರು ಪ್ರಸಿದ್ಧವಾದುದು. ಉಳಿದವರಿಗೂ ಪರಿಚಯವಾಗಬೇಕಾದ ಹೆಸರೆಂದು ನನ್ನ ಭಾವನೆ.

ಕುಂದಾಪುರ, ಬೈಂದೂರು, ಬ್ರಹ್ಮಾವರಗಳ ಕಡೆ ಇಂದು ಗಣಕಯಂತ್ರದ ಕೆಲಸಕ್ಕೆ ಮಗನನ್ನೋ ಮಗಳನ್ನೋ ಕಳುಹಿಸದ ಓಣಿ ಇಲ್ಲ. ಅಂಥ ಮಕ್ಕಳಿಗೆ ಕೆಲವು ವರ್ಷ ಪ್ರೋಗ್ರಾಮು ಬರೆಯುವ ಪಾಠ ಹೇಳಿದವನು ನಾನು. ವರ್ಷ ವರ್ಷವೂ ಒಬ್ಬನಾದರೂ ಒಂದು ಪ್ರಶ್ನೆಯನ್ನು ತಂದೇ ತರುತ್ತಿದ್ದನು. ನಾವು ಬರೆದ ಉಕ್ತಿಯನ್ನು ಯಂತ್ರವು ಲೆಕ್ಕ ಹಾಕಿ ಒಂದು ಬೆಲೆಯನ್ನಾಗಿ ಕರಗಿಸಿಬಿಡುತ್ತದೆ. ಎರಡು ಕೂಡು ಮೂರು ಎಂದು ಬರೆದರೆ ಐದು ಉಳಿಯುತ್ತದೆ. ಎರಡೂ ಹೋಯಿತು, ಮೂರೂ ಹೋಯಿತು. ಆ ಮೇಲೆ, ಮೊದಲು ಬರೆದದ್ದು ಏನು ಎಂಬುದನ್ನು ಪ್ರೋಗ್ರಾಮು ತಾನೇ ಹಿಂದಿರುಗಿ ನೋಡಬಹುದೆ? ನೋಡಬಹುದಾದರೆ ನೋಡುವುದು ಒಳ್ಳೆಯದೆ? ಈ ಪ್ರಶ್ನೆಯ ಎರಡು ದಡಗಳಲ್ಲಿಯೂ ನಿಂತು ದುಡಿದ ಮನುಷ್ಯ ಕ್ರಿಸ್ಟೊಫರ್ ಸ್ಟ್ರೇಚಿ. ಆತನ ಬಾಳನ್ನು ಬರೆಯಲು ನನಗೆ ಪ್ರೇರಣೆ ಅದೇ.

ಕ್ರಿಸ್ಟೊಫರನು 1916ರ ನವೆಂಬರ್ 16ರಂದು ಲಂಡನ್ನಿನ ಹ್ಯಾಂಪ್‌ಸ್ಟೆಡ್ಡಿನಲ್ಲಿ ಜನಿಸಿದನು. ತಂದೆ ಆಲಿವರ್ ಸ್ಟ್ರೇಚಿ ಪ್ರಾಯದಲ್ಲಿ ಭಾರತದ ಈಸ್ಟ್ ಇಂಡಿಯನ್ ರೈಲ್ವೆಯಲ್ಲಿ ಕೆಲಸ ಮಾಡಿದವನು. ಪಿಯಾನೊ ವಾದ್ಯದಲ್ಲಿ ಆಸಕ್ತಿಯುಳ್ಳವನು. ಮೊದಲನೆಯ ಮಹಾಯುದ್ಧದಲ್ಲಿ ಶತ್ರುಗಳ ಗೂಢಲಿಪಿಗಳನ್ನು ಒಡೆಯುವ ಕೆಲಸಕ್ಕೆ ಸೇರಿ, ಎರಡನೆಯ ಮಹಾಯುದ್ಧದಲ್ಲಿಯೂ ಅದರಲ್ಲೇ ಹೆಸರು ಪಡೆದನು. ಗೂಢಲಿಪಿ ಎಂದರೇನು? ಒಂದು ಬರಹವನ್ನು ನಿಯಮಕ್ಕನುಸಾರವಾಗಿ ಇನ್ನೊಂದು ಬರಹವಾಗಿ ಮಾರ್ಪಡಿಸಿರುತ್ತಾರೆ. ಮಾರ್ಪಟ್ಟುದನ್ನು ಹಿಡಿದುಕೊಂಡು ಮೂಲವನ್ನು ಹುಡುಕಬೇಕು. ಮಗನ ಬಾಳಿನ ವಿಷಯವು ತಂದೆಯ ಉದ್ಯೋಗದಲ್ಲೇ ಇತ್ತೆಂದು ಹೇಳುವ ಆಸೆ ನನಗಾಗುತ್ತದೆ. ಆದರೆ ಅಂಥ ಹೋಲಿಕೆಗಳನ್ನು ಬಹಳ ದೂರ ಎಳೆಯಬಾರದು. ತಾಯಿ ರೇ ಸ್ಟ್ರೇಚಿ ಕೇಂಬ್ರಿಜ್ಜಿನಲ್ಲಿ ಗಣಿತ ಓದಿದವಳು, ಸ್ತ್ರೀಯರ ಮತದಾನದ ಹಕ್ಕಿಗಾಗಿ ಹೋರಾಡಿದವಳು. ಆ ಚಳವಳಿಯ ಚರಿತ್ರೆಯನ್ನು ಆಕೆ 1928ರಲ್ಲಿ ಪ್ರಕಟಿಸಿದಳು.

ಮಗು ಬೆಳೆದದ್ದು ಬ್ಲೂಮ್ಸ್‌ಬರಿಯ ಗಾರ್ಡನ್ ಚೌಕದಲ್ಲಿ, ಅಜ್ಜಿ ಮತ್ತು ಸೋದರತ್ತೆಯರ ನಡುವೆ. ಮನೆಯಲ್ಲಿ ಎಲ್ಲರೂ ಬರಹಗಾರರು, ವಾದಪ್ರಿಯರು. ಹುಡುಗನಿಗೆ ಮಾತ್ರ ಲೆಕ್ಕ, ಒಗಟು, ಯಂತ್ರಗಳಲ್ಲಿ ಒಲವು. ಗ್ರೆಷಮ್ ಶಾಲೆಯಲ್ಲಿ ಓದಿ 1935ರಲ್ಲಿ ಕೇಂಬ್ರಿಜ್ಜಿನ ಕಿಂಗ್ಸ್ ಕಾಲೇಜನ್ನು ಸೇರಿದನು. ಅಲನ್ ಟ್ಯೂರಿಂಗನು ಆಗ ಅಲ್ಲಿ ಫೆಲೋ ಆಗಿದ್ದನು. (ಟ್ಯೂರಿಂಗನ ತಂದೆಯೂ, ನಮ್ಮ ಜಿಲ್ಲೆ ಆಗ ಸೇರಿದ್ದ ಮದ್ರಾಸ್ ಪ್ರಾಂತದಲ್ಲಿ ಐ.ಸಿ.ಎಸ್. ಅಧಿಕಾರಿಯಾಗಿದ್ದನೆಂಬುದನ್ನು ಇಲ್ಲಿ ನೆನೆಯಬಹುದು.) ಕಾಲೇಜಿನ ದಿನಗಳು ಸ್ಟ್ರೇಚಿಗೆ ಶುಭವಾಗಲಿಲ್ಲ. ನಡುವೆ ಮನಸ್ಸು ಕುಸಿಯಿತು. ಓದಿಗೆ ಅಡ್ಡಿ ಬಂತು. 1939ರಲ್ಲಿ ದೊರೆತ ಪದವಿ ಸಂಶೋಧನೆಯ ಬಾಗಿಲು ತೆರೆಯುವಂಥ ದರ್ಜೆಯದಾಗಿರಲಿಲ್ಲ.

ಯುದ್ಧದ ವರ್ಷಗಳನ್ನು ಸ್ಟ್ಯಾಂಡರ್ಡ್ ಟೆಲಿಫೋನ್ಸ್ ಅಂಡ್ ಕೇಬಲ್ಸ್ ಎಂಬ ಸಂಸ್ಥೆಯಲ್ಲಿ ಕಳೆದನು. ಅಲ್ಲಿ ಸಮೀಕರಣಗಳನ್ನು ಬಿಡಿಸಲು ಡಿಫರೆನ್ಷಿಯಲ್ ಅನಲೈಸರ್ ಎಂಬ ಯಂತ್ರವನ್ನು ಬಳಸಬೇಕಾಯಿತು. ಯಂತ್ರದಿಂದ ಲೆಕ್ಕ ಮಾಡಿಸುವ ಮೋಹ ಹತ್ತಿದ್ದು ಆಗ. ಯುದ್ಧ ಮುಗಿದ ಮೇಲೆ ಆತನು ಶಾಲಾಮಾಸ್ತರನಾದನು. ಮೊದಲು ಕ್ಯಾಂಟರ್ಬರಿಯ ಸೇಂಟ್ ಎಡ್ಮಂಡ್ಸ್ ಶಾಲೆಯಲ್ಲಿ, 1949ರಿಂದ ಪ್ರಸಿದ್ಧವಾದ ಹ್ಯಾರೋ ಶಾಲೆಯಲ್ಲಿ. ಮೂವತ್ತೈದು ವರ್ಷ ಸಮೀಪಿಸುತ್ತಿದ್ದ, ಹೇಳಿಕೊಳ್ಳುವಂಥ ಪದವಿಯಿಲ್ಲದ ಮಾಸ್ತರನಿಂದ ಲೋಕವು ಇನ್ನೇನನ್ನು ನಿರೀಕ್ಷಿಸೀತು?

1951ರ ಜನವರಿಯಲ್ಲಿ ಸ್ನೇಹಿತನೊಬ್ಬನ ಮೂಲಕ ರಾಷ್ಟ್ರೀಯ ಭೌತ ಪ್ರಯೋಗಾಲಯದ ಗಣಕತಜ್ಞರ ಪರಿಚಯವಾಯಿತು. ಅಲ್ಲಿ ಪೈಲಟ್ ಏಸ್ ಎಂಬ ಯಂತ್ರವಿತ್ತು. ಮಾಸ್ತರನು ರಜೆಯ ದಿನಗಳಲ್ಲಿ ಕುಳಿತು, ಡ್ರಾಫ್ಟ್ಸ್ ಎಂಬ ಬಿಲ್ಲೆಯಾಟವನ್ನು ಯಂತ್ರವು ಆಡುವಂತೆ ಪ್ರೋಗ್ರಾಮು ಬರೆಯತೊಡಗಿದನು. ಯಂತ್ರವಿದ್ದದ್ದು ಸಂಖ್ಯೆಗಳಿಗಾಗಿ, ಈತನಿಗೆ ಬೇಕಾದದ್ದು ಸಂಖ್ಯೆಯಲ್ಲದುದನ್ನು ಅದರಿಂದ ಮಾಡಿಸುವುದು. ಪೈಲಟ್ ಏಸಿನ ಸ್ಮರಣಕೋಶ ಈ ಆಟಕ್ಕೆ ಸಾಲದೆ ಹೋಯಿತು. ಮ್ಯಾಂಚೆಸ್ಟರಿನಲ್ಲಿ ಅದಕ್ಕಿಂತ ದೊಡ್ಡ ಯಂತ್ರವೊಂದು ಬಂದಿದೆಯೆಂದೂ ಅದರ ಕೈಪಿಡಿಯನ್ನು ಟ್ಯೂರಿಂಗನೇ ಬರೆದಿದ್ದಾನೆಂದೂ ತಿಳಿದು ಸ್ಟ್ರೇಚಿ ಅದನ್ನು ತರಿಸಿಕೊಂಡು ಓದಿದನು.

ಟ್ಯೂರಿಂಗನು ಅವನಿಗೊಂದು ಕೆಲಸ ಸೂಚಿಸಿದನು: ಯಂತ್ರವು ತನ್ನ ನಡೆಯನ್ನು ತಾನೇ ಅನುಕರಿಸಿ ತೋರಿಸುವಂಥ ಪ್ರೋಗ್ರಾಮನ್ನು ಬರೆಯುವುದು. ಎಂದರೆ, ಒಂದು ಪ್ರೋಗ್ರಾಮು ಇನ್ನೊಂದರ ಒಂದೊಂದು ಆಜ್ಞೆಯನ್ನೂ ಓದಿ, ಅದೇನು ಮಾಡುತ್ತದೆಂಬುದನ್ನು ಬರೆದಿಡಬೇಕು. ಆವರೆಗೆ ಆ ಯಂತ್ರಕ್ಕೆ ಯಾರೂ ಅಷ್ಟು ಉದ್ದದ ಪ್ರೋಗ್ರಾಮು ಬರೆದಿರಲಿಲ್ಲ. ಸುಮಾರು 1000 ಆಜ್ಞೆಗಳು. ಸ್ಟ್ರೇಚಿ ಮ್ಯಾಂಚೆಸ್ಟರಿಗೆ ಹೋದನು. ಟ್ಯೂರಿಂಗನು ಯಂತ್ರವನ್ನು ನಡೆಸುವ ಬಗೆಯನ್ನು ಭರಭರನೆ ಹೇಳಿ ಹೊರಟುಹೋದನಂತೆ. ಮಾಸ್ತರನು ರಾತ್ರಿಯಿಡೀ ಒಬ್ಬನೇ ಕುಳಿತನು. ಬೆಳಗಾಗುವಷ್ಟರಲ್ಲಿ ಪ್ರೋಗ್ರಾಮು ಬಹುಮಟ್ಟಿಗೆ ನಡೆಯುತ್ತಿತ್ತು. ಕೊನೆಯಲ್ಲಿ ಯಂತ್ರದ ಧ್ವನಿಪೆಟ್ಟಿಗೆಯಿಂದ ಆಂಗ್ಲರ ರಾಷ್ಟ್ರಗೀತೆಯ ಸ್ವರಗಳೂ ಹೊರಟವು. ಸಂಗೀತದ ಮಾತನ್ನು ಎಲ್ಲರೂ ಬರೆಯುತ್ತಾರೆ. ನನಗೆ ಹೆಚ್ಚಿನದಾಗಿ ಕಾಣುವುದು ಇನ್ನೊಂದು: ಸ್ಟ್ರೇಚಿಯ ಮೊದಲ ದೊಡ್ಡ ಕೃತಿಯು ಪ್ರೋಗ್ರಾಮನ್ನು ಬರಹವಾಗಿ ಓದುವ ಪ್ರೋಗ್ರಾಮಾಗಿತ್ತು. ಬಂದ ಬೆಲೆಯನ್ನು ಮಾತ್ರವಲ್ಲದೆ ಬರೆದ ಆಜ್ಞೆಯನ್ನೂ ನೋಡಬೇಕೆಂಬ ಹಟ ಅದರಲ್ಲಿತ್ತು.

ಬಿಲ್ಲೆಯಾಟವು 1952ರಲ್ಲಿ ಸರಿಹೋಯಿತು. ಅದೇ ವರ್ಷ ಆತನು ಯಂತ್ರದಿಂದ ಪ್ರೇಮಪತ್ರಗಳನ್ನು ಬರೆಸಿದನು. ವಾಕ್ಯದ ಚೌಕಟ್ಟನ್ನು ಮೊದಲೇ ಕಟ್ಟಿಟ್ಟು, ಖಾಲಿ ಬಿಟ್ಟ ಸ್ಥಾನಗಳಿಗೆ ಪದಕೋಶದಿಂದ ಆರಿಸಿಟ್ಟ ವಿಶೇಷಣ, ನಾಮಪದ, ಕ್ರಿಯಾಪದಗಳನ್ನು ಯಂತ್ರವು ಕಣ್ಣುಮುಚ್ಚಿ ಹೆಕ್ಕಿ ತುಂಬುತ್ತಿತ್ತು. ಪತ್ರದ ಕೆಳಗೆ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದ ಗಣಕವೆಂಬ ಸಹಿ. ಚೌಕಟ್ಟು ಚಿಕ್ಕದು, ಹುಟ್ಟುವ ಪತ್ರಗಳಿಗೆ ಲೆಕ್ಕವಿಲ್ಲ. ಇದು ವಿನೋದವೇ ಸರಿ; ಆದರೆ ಖಾಲಿ ಸ್ಥಾನಗಳುಳ್ಳ ಚೌಕಟ್ಟೆಂಬ ಕಲ್ಪನೆ ಹದಿಮೂರು ವರ್ಷಗಳ ಮೇಲೆ ಬೇರೆ ವೇಷದಲ್ಲಿ ರಂಗಕ್ಕೆ ಬಂತು.

1952ರ ಜೂನಿನಲ್ಲಿ ಶಾಲೆಯನ್ನು ಬಿಟ್ಟು ರಾಷ್ಟ್ರೀಯ ಸಂಶೋಧನಾಭಿವೃದ್ಧಿ ನಿಗಮವನ್ನು ಸೇರಿದ ಮೇಲಿನ ಏಳು ವರ್ಷಗಳನ್ನು ನಾನು ಬೇಗ ದಾಟುತ್ತೇನೆ. ಕೆನಡಾದ ಟೊರಾಂಟೊದಲ್ಲಿ ಸೇಂಟ್ ಲಾರೆನ್ಸ್ ನದಿಯ ಜಲಮಾರ್ಗದ ಲೆಕ್ಕ ಮಾಡಿದ್ದು, ಪೆಗಸಸ್ ಎಂಬ ಗಣಕದ ವಿನ್ಯಾಸದಲ್ಲಿ ಮುಖ್ಯ ಪಾತ್ರ ವಹಿಸಿದ್ದು, 1959ರಲ್ಲಿ ಪ್ಯಾರಿಸ್ಸಿನ ಯುನೆಸ್ಕೊ ಸಮ್ಮೇಳನದಲ್ಲಿ ಒಂದೇ ಯಂತ್ರದ ಕಾಲವನ್ನು ಹಲವು ಕೆಲಸಗಳಿಗೆ ಹಂಚುವ ವಿಚಾರವನ್ನು ಮಂಡಿಸಿದ್ದು, ಇವೆಲ್ಲ ಈ ಅವಧಿಯವು. ಆ ವರ್ಷವೇ ನಿಗಮವನ್ನು ಬಿಟ್ಟು ಸ್ವತಂತ್ರ ಸಲಹೆಗಾರನಾದನು. ಪೀಟರ್ ಲ್ಯಾಂಡಿನ್ ಎಂಬ ತರುಣನನ್ನು ಸಂಬಳ ಕೊಟ್ಟು ಸಹಾಯಕನನ್ನಾಗಿ ಇಟ್ಟುಕೊಂಡನು. ಯಂತ್ರದ ಭಾಷೆಗಳ ತತ್ತ್ವವನ್ನು ಚಿಂತಿಸಲು ಸ್ವಂತ ಹಣದಿಂದ ಒಬ್ಬನಿಗೆ ಸಂಬಳ ಕೊಟ್ಟವರು ಆಗ ಬೇರೆ ಯಾರಿದ್ದರು?

ಆಗ ಪಂಡಿತರಲ್ಲಿ ಚರ್ಚೆಯಾಗುತ್ತಿದ್ದ ಭಾಷೆ ಆಲ್ಗಾಲ್ 60. ಅದರಲ್ಲಿ ಒಂದು ಕಾರ್ಯಕ್ಕೆ ಸಾಮಗ್ರಿಯನ್ನು ಒಪ್ಪಿಸಲು ಎರಡು ದಾರಿಗಳಿದ್ದವು: ಬೆಲೆಯನ್ನು ಕೊಡುವುದು ಒಂದು, ಉಕ್ತಿಯನ್ನೇ ಕೊಡುವುದು ಇನ್ನೊಂದು. ಎರಡನೆಯದರಲ್ಲಿ, ಹೆಸರು ಬಂದ ಕಡೆಯಲ್ಲೆಲ್ಲ ಮೂಲ ಉಕ್ತಿಯ ನಕಲನ್ನು ಇಟ್ಟಂತೆ ನಡೆಯಬೇಕೆಂಬುದು ನಿಯಮ. ಹುಡುಗರಿಗೆ ನಾನು ಇದನ್ನು ಗಂಗೊಳ್ಳಿಯ ಬಂದರಿನ ಉದಾಹರಣೆಯಿಂದ ಹೇಳುತ್ತಿದ್ದೆ. ಕೈಗೆ ಒಂದು ಬಂಗುಡೆ ಮೀನನ್ನು ಕೊಟ್ಟರೆ ಅದು ಬೆಲೆ. ಬುಟ್ಟಿಯಿಂದ ಒಂದು ಬಂಗುಡೆ ತೆಗೆ ಎಂದು ಬರೆದ ಚೀಟಿಯನ್ನು ಕೊಟ್ಟರೆ ಅದು ಉಕ್ತಿ. ಚೀಟಿ ಕೈಯಲ್ಲಿದ್ದರೆ ಏನು ಬರೆದಿದೆಯೆಂದು ಓದಬಹುದು, ತಿದ್ದಬಹುದು, ಬೇಡವಾದರೆ ಹಾಗೆಯೇ ಮಡಚಿಡಬಹುದು. ಆದರೆ ಅದೇ ಚೀಟಿಯನ್ನು ಎರಡು ಕಡೆ ನಕಲು ಮಾಡಿದರೆ ಬುಟ್ಟಿಯಿಂದ ಎರಡು ಬಂಗುಡೆಗಳು ಹೋಗುತ್ತವೆ. ಉಕ್ತಿಯನ್ನು ಕೊಡುವುದರಲ್ಲಿ ಶಕ್ತಿಯೂ ಇದೆ, ನಷ್ಟವೂ ಇದೆ. 1961ರಲ್ಲಿ ಸ್ಟ್ರೇಚಿಯು ಕೇಂಬ್ರಿಜ್ಜಿನ ಮಾರಿಸ್ ವಿಲ್ಕ್ಸ್ ಎಂಬ ವಿದ್ವಾಂಸನೊಡನೆ ಸೇರಿ ಆಲ್ಗಾಲಿನ ತಿದ್ದುಪಡಿಗೆ ಸಲಹೆಗಳನ್ನು ಬರೆದಾಗ, ಹೀಗೆ ಉಕ್ತಿಯನ್ನು ಒಪ್ಪಿಸುವುದರ ದುಬಾರಿತನವೂ ಅಲ್ಲಿ ಚರ್ಚೆಗೆ ಬಂತು.

1962ರಲ್ಲಿ ವಿಲ್ಕ್ಸನ ಆಹ್ವಾನದಂತೆ ಸ್ಟ್ರೇಚಿ ಕೇಂಬ್ರಿಜ್ಜಿಗೆ ಮರಳಿದನು. ಅಲ್ಲಿ ಸಿ.ಪಿ.ಎಲ್. ಎಂಬ ಹೊಸ ಭಾಷೆಯನ್ನು ಕಟ್ಟುವ ಕೆಲಸ ನಡೆದಿತ್ತು. ಭಾಷೆ ಬಹಳ ದೊಡ್ಡದಾಯಿತು. ಅದನ್ನು ಯಂತ್ರದ ಆಜ್ಞೆಗಳಾಗಿ ಮಾರ್ಪಡಿಸುವ ಭಾಷಾಂತರಕ ಮುಗಿಯುವ ಸೂಚನೆ ಕಾಣಲಿಲ್ಲ. ಆ ಕೆಲಸಕ್ಕೆ ಉಪಕರಣವಾಗಿ ಸ್ಟ್ರೇಚಿಯು ಸ್ವತಃ ಒಂದನ್ನು ತಯಾರಿಸಿದನು. ಅದನ್ನು 1965ರಲ್ಲಿ ದಿ ಕಂಪ್ಯೂಟರ್ ಜರ್ನಲ್ ಎಂಬ ಪತ್ರಿಕೆಯಲ್ಲಿ ಸಾರ್ವತ್ರಿಕ ಮ್ಯಾಕ್ರೋ ಉತ್ಪಾದಕವೆಂಬ ಅರ್ಥದ ಹೆಸರಿನಿಂದ ಪ್ರಕಟಿಸಿದನು. ಮೂರಕ್ಷರಗಳಲ್ಲಿ ಜಿ.ಪಿ.ಎಂ.

ಮ್ಯಾಕ್ರೋ ಎಂದರೆ ದೊಡ್ಡ ಬರಹಕ್ಕೆ ಇಟ್ಟ ಚಿಕ್ಕ ಹೆಸರು. ಹೆಸರು ಬಂದಲ್ಲಿ ಯಂತ್ರವು ದೊಡ್ಡ ಬರಹವನ್ನು ಹೂಡುತ್ತದೆ; ಖಾಲಿ ಸ್ಥಾನಗಳಿದ್ದರೆ ಹೆಸರಿನ ಜೊತೆಗೆ ಬಂದುದನ್ನು ಅವುಗಳಲ್ಲಿ ತುಂಬುತ್ತದೆ. ಹೋಗಬೇಕು ಎಂಬುದನ್ನು ಹೋಯ್ಕ್ ಎಂದೂ, ಮಾಡಬೇಕು ಎಂಬುದನ್ನು ಮಾಡ್ಕ್ ಎಂದೂ ಮುಗಿಸಿಬಿಡುವ ಕುಂದಾಪುರ ಕನ್ನಡದವರಿಗೆ ಚಿಕ್ಕದರಲ್ಲಿ ದೊಡ್ಡದನ್ನು ಅಡಗಿಸುವ ವಿದ್ಯೆಯನ್ನು ಯಾರೂ ಕಲಿಸಬೇಕಾಗಿಲ್ಲ. ಮ್ಯಾಕ್ರೋಗಳು ಸ್ಟ್ರೇಚಿಗಿಂತ ಮೊದಲೂ ಇದ್ದವು. ಆತನ ಹೆಚ್ಚುಗಾರಿಕೆ ಏನೆಂದರೆ, ಇಡೀ ಯಂತ್ರವನ್ನು ಬರಿಯ ಬರಹದ ಮೇಲೆ ನಿಲ್ಲಿಸಿದ್ದು. ಜಿ.ಪಿ.ಎಂ.ಗೆ ಬರುವುದೂ ಬರಹ, ಅದರಿಂದ ಹೊರಡುವುದೂ ಬರಹ. ಹೂಡಿದ ಬರಹದಲ್ಲಿ ಇನ್ನೊಂದು ಮ್ಯಾಕ್ರೋ ಇದ್ದರೆ ಅದೂ ಬಿಚ್ಚಿಕೊಳ್ಳುತ್ತದೆ. ಖಾಲಿ ಸ್ಥಾನಕ್ಕೆ ಬಂದ ಸಾಮಗ್ರಿಯಲ್ಲಿ ಮ್ಯಾಕ್ರೋ ಇದ್ದರೆ ಅದು ತುಂಬುವ ಮೊದಲೇ ಬಿಚ್ಚಿಕೊಳ್ಳುತ್ತದೆ.

ತೊಡಕು ಇರುವುದು ಇಲ್ಲಿಯೇ. ಎಲ್ಲವೂ ತಾನಾಗಿ ಬಿಚ್ಚಿಕೊಳ್ಳುವುದಾದರೆ, ಬಿಚ್ಚಿಕೊಳ್ಳದ ಮೂಲರೂಪ ಬೇಕಾದಾಗ ಏನು ಮಾಡಬೇಕು? ಸ್ಟ್ರೇಚಿ ಇದಕ್ಕೆ ಕೋನಾಕಾರದ ಆವರಣ ಚಿಹ್ನೆಗಳನ್ನು ಇಟ್ಟನು. ಅವುಗಳೊಳಗೆ ಇಟ್ಟದ್ದನ್ನು ಯಂತ್ರವು ಮುಟ್ಟುವುದಿಲ್ಲ. ಹೊರಗಿನ ಒಂದು ಜೊತೆ ಚಿಹ್ನೆಗಳನ್ನು ಕಳಚಿ, ಒಳಗಿನದನ್ನು ಇದ್ದಂತೆಯೇ ಮುಂದಕ್ಕೆ ದಾಟಿಸುತ್ತದೆ. ಎರಡು ಜೊತೆ ಹಾಕಿದರೆ ಎರಡು ಓದುಗಳ ವರೆಗೆ ಮೂಲವು ಉಳಿಯುತ್ತದೆ. ಇದಲ್ಲದೆ ಇನ್ನೊಂದು ಅಂತರ್ಗತ ಮ್ಯಾಕ್ರೋವನ್ನೂ ಇಟ್ಟನು. ಅದಕ್ಕೆ ಒಂದು ಮ್ಯಾಕ್ರೋವಿನ ಹೆಸರನ್ನು ಕೊಟ್ಟರೆ, ಆ ಮ್ಯಾಕ್ರೋವನ್ನು ನಡೆಸದೆ, ಅದರ ವ್ಯಾಖ್ಯೆಯಾಗಿ ಬರೆದಿಟ್ಟ ಮೂಲ ಬರಹವನ್ನೇ ತಂದುಕೊಡುತ್ತದೆ.

ಮಂದಾರ್ತಿ ಮೇಳದ ಆಟವನ್ನು ರಾತ್ರಿಯಿಡೀ ನೋಡಿದವರಿಗೆ ಇದು ಕಷ್ಟವಾಗಲಾರದು. ಪ್ರಸಂಗದ ಪದ್ಯ ನಾಲ್ಕೇ ಸಾಲು. ವೇಷಧಾರಿಯು ಅದನ್ನು ಅರ್ಧಗಂಟೆಯ ಅರ್ಥವಾಗಿ ಬಿಡಿಸುತ್ತಾನೆ. ಒಬ್ಬನ ಅರ್ಥ ಇನ್ನೊಬ್ಬನದಾಗದು. ಇಂದಿನದು ನಾಳೆ ಇರದು. ಆದರೆ ಭಾಗವತರ ಬಳಿ ಪದ್ಯವಿದೆ. ವಾದವು ಎಲ್ಲಿಯೋ ಹೋಗಿ ಸಿಕ್ಕಿಕೊಂಡರೆ ಮರಳುವುದು ಆ ಪದ್ಯಕ್ಕೆ. ಭಾಗವತರೂ ಪದ್ಯವನ್ನು ಮರೆತು ಕೇವಲ ಅರ್ಥವೇ ಉಳಿದ ಆಟವನ್ನು ಊಹಿಸಿಕೊಂಡರೆ, ಮೂಲ ಉಕ್ತಿಯನ್ನು ಕಳೆದುಕೊಂಡ ಪ್ರೋಗ್ರಾಮು ಹೇಗಿರುತ್ತದೆಂಬುದು ತಿಳಿಯುತ್ತದೆ.

ಇದು ಪಂಡಿತರ ಹರಟೆಯಲ್ಲ. ನಮ್ಮ ಕಡೆಯ ಒಂದು ಸಂಸ್ಥೆಯಲ್ಲಿ ಸಾಲದ ಲೆಕ್ಕದ ಪ್ರೋಗ್ರಾಮು ಮಾರ್ಚ್ 31ರ ಸಂಜೆ ನಿಂತುಹೋಯಿತು. ವರ್ಷದ ಲೆಕ್ಕ ಮುಗಿಯದೆ ಗುಮಾಸ್ತರು ಮನೆಗೆ ಹೋಗುವಂತಿಲ್ಲ. ತೆರೆಯ ಮೇಲೆ ಇದ್ದದ್ದು ತಪಾಸಣೆ ವಿಫಲ ಎಂಬ ಎರಡೇ ಮಾತು. ಯಾವ ತಪಾಸಣೆ? ಬಾಕಿಯು ಸೊನ್ನೆಗಿಂತ ಕಡಮೆಯಾಗಬಾರದೆಂಬುದೋ, ಕಂತಿನ ಸಂಖ್ಯೆ ಹೊಂದಬೇಕೆಂಬುದೋ? ತಪಾಸಣೆಯ ಕಾರ್ಯಕ್ಕೆ ತಲುಪಿದ್ದು ಕೇವಲ ಬೆಲೆ. ಹೌದು ಅಥವಾ ಅಲ್ಲ. ಅಲ್ಲ ಎಂಬುದು ತಲುಪಿತು, ಏಕೆ ಅಲ್ಲ ಎಂಬುದು ದಾರಿಯಲ್ಲೇ ಉದುರಿಹೋಯಿತು. ಕರೆ ಬಂದು ನಾನು ಹೋದೆ. ಸಾವಿರಾರು ಸಾಲುಗಳನ್ನು ಓದಿ ಆ ಒಂದು ಉಕ್ತಿಯನ್ನು ಹುಡುಕುವಷ್ಟರಲ್ಲಿ ಬೆಳಕು ಹರಿದಿತ್ತು.

ತಪಾಸಣೆಯನ್ನು ಕಾರ್ಯವಾಗಿ ಬರೆಯದೆ ಮ್ಯಾಕ್ರೋವಾಗಿ ಬರೆದಿದ್ದರೆ ಹೀಗಾಗುತ್ತಿರಲಿಲ್ಲ. ಸ್ಟ್ರೇಚಿಯ ಸಿ.ಪಿ.ಎಲ್. ಪೂರ್ಣವಾಗಿ ಕೈಗೂಡದಿದ್ದರೂ ಅದರಿಂದ ಮಾರ್ಟಿನ್ ರಿಚರ್ಡ್ಸನು 1967ರಲ್ಲಿ ಬಿ.ಸಿ.ಪಿ.ಎಲ್. ಎಂಬ ಸರಳ ಭಾಷೆಯನ್ನು ಮಾಡಿದನು. ಅದರಿಂದ ಬಿ ಎಂಬ ಭಾಷೆ, ಬಿ ಯಿಂದ 1972ರ ಸುಮಾರಿಗೆ ಡೆನಿಸ್ ರಿಚಿಯ ಸಿ ಭಾಷೆ ಹುಟ್ಟಿದವು. ನಮ್ಮ ಹುಡುಗರು ಮೊದಲು ಕಲಿಯುವ ಭಾಷೆಗಳಲ್ಲಿ ಸಿ ಇಂದಿಗೂ ಒಂದು. 1989ರ ಪ್ರಮಾಣಿತ ಸಿ ಭಾಷೆಯಲ್ಲಿ ಮ್ಯಾಕ್ರೋವಿಗೆ ಒಂದು ಚಿಹ್ನೆಯನ್ನು ಕೊಟ್ಟರು. ಅದನ್ನು ಹಚ್ಚಿದರೆ, ಒಪ್ಪಿಸಿದ ಉಕ್ತಿಯು ಲೆಕ್ಕವಾಗದೆ, ಬರೆದ ಅಕ್ಷರಗಳ ಸಾಲಾಗಿಯೇ ಮ್ಯಾಕ್ರೋವಿಗೆ ದೊರೆಯುತ್ತದೆ. ಅಸರ್ಟ್ ಎಂಬ ತಪಾಸಣೆಯ ಮ್ಯಾಕ್ರೋ ಒಂದೇ ಉಕ್ತಿಯನ್ನು ಎರಡು ಬಗೆಯಲ್ಲಿ ಬಳಸುತ್ತದೆ: ಒಮ್ಮೆ ಅದರ ಬೆಲೆಯನ್ನು ಕೇಳುತ್ತದೆ, ಬೆಲೆ ಸುಳ್ಳಾದರೆ, ಉಕ್ತಿಯ ಅಕ್ಷರಗಳನ್ನೇ ಕಡತದ ಹೆಸರು ಮತ್ತು ಸಾಲಿನ ಸಂಖ್ಯೆಯೊಡನೆ ತೆರೆಗೆ ಬರೆಯುತ್ತದೆ. ಗುಮಾಸ್ತರ ರಾತ್ರಿ ಉಳಿಯುವುದು ಆ ಒಂದು ಸಾಲಿನಿಂದ.

ಇದರಲ್ಲಿಯೂ ಒಂದು ಸೂಕ್ಷ್ಮವಿದೆ. ಒಪ್ಪಿಸಿದ ಉಕ್ತಿಯೊಳಗೆ ಇನ್ನೊಂದು ಮ್ಯಾಕ್ರೋ ಇದ್ದರೆ, ಚಿಹ್ನೆ ಹಚ್ಚಿದಲ್ಲಿ ಅದು ಬಿಚ್ಚಿಕೊಳ್ಳದೆ ನಿಲ್ಲುತ್ತದೆ. ಅದೇ ಉಕ್ತಿಯನ್ನು ನಡುವೆ ಮತ್ತೊಂದು ಮ್ಯಾಕ್ರೋವಿನ ಕೈಯಿಂದ ದಾಟಿಸಿದರೆ, ಅಲ್ಲಿಗೆ ಮುಟ್ಟುವಷ್ಟರಲ್ಲಿ ಬಿಚ್ಚಿಕೊಂಡಿರುತ್ತದೆ. ದೊರೆಯುವುದು ಮೂಲವಲ್ಲ, ಮೂಲದ ವಿಸ್ತರಣೆ. ಹುಡುಗರು ಇಲ್ಲಿ ಪದೇ ಪದೇ ಎಡವುತ್ತಾರೆ. ಎಷ್ಟು ಪದರ ಕಟ್ಟಬೇಕು, ಯಾವಾಗ ಬಿಚ್ಚಬೇಕು ಎಂಬ ಲೆಕ್ಕವು 1965ರ ಜಿ.ಪಿ.ಎಂ.ನಲ್ಲಿ ಹೇಗೆ ತಲೆ ತಿನ್ನುತ್ತಿತ್ತೋ ಇಂದೂ ಹಾಗೆಯೇ ತಿನ್ನುತ್ತದೆ. 1977ರಲ್ಲಿ ರಿಚಿ ಮತ್ತು ಕರ್ನಿಘನ್ ತಯಾರಿಸಿದ ಎಂ4 ಎಂಬ ಮ್ಯಾಕ್ರೋ ಉಪಕರಣವೂ ಜಿ.ಪಿ.ಎಂ.ನ ವಂಶದ್ದೇ, ವ್ಯಾಖ್ಯೆಯನ್ನು ನಡೆಸದೆ ಹಿಂದಿರುಗಿಸುವ ಆ ಮ್ಯಾಕ್ರೋ ಅದರಲ್ಲಿ ಬೇರೆ ಹೆಸರಿನಿಂದ ಇದೆ.

ಸ್ಟ್ರೇಚಿಯ ಬಾಳು ಇಲ್ಲಿಗೆ ನಿಂತಿದ್ದರೆ ಆತನನ್ನು ಒಬ್ಬ ಚತುರ ಕುಶಲಿಯೆಂದು ಹೊಗಳಿ ಮುಗಿಸಬಹುದಾಗಿತ್ತು. ಜಿ.ಪಿ.ಎಂ. ಪ್ರಕಟವಾದ ಕಾಲಕ್ಕೆ ಆತನು ಆಕ್ಸ್‌ಫರ್ಡಿಗೆ ಹೋಗಿ ಪ್ರೋಗ್ರಾಮಿಂಗ್ ಸಂಶೋಧನಾ ವೃಂದವನ್ನು ಸ್ಥಾಪಿಸಿದನು. 1967ರ ಬೇಸಿಗೆಯಲ್ಲಿ ಕೋಪನ್‌ಹೇಗನ್ನಿನಲ್ಲಿ ಪ್ರೋಗ್ರಾಮು ಭಾಷೆಗಳ ಮೂಲ ಕಲ್ಪನೆಗಳನ್ನು ಕುರಿತು ಉಪನ್ಯಾಸಗಳನ್ನು ಮಾಡಿದನು. ಅಲ್ಲಿ ಆತನು, ತತ್ತ್ವಜ್ಞನಾದ ಕ್ವೈನನಿಂದ ಒಂದು ಕಲ್ಪನೆಯನ್ನು ಎರವಲು ಪಡೆದನು. ಉಕ್ತಿಯೊಂದರಲ್ಲಿ ನಮಗೆ ಬೇಕಾದದ್ದು ಅದರ ಬೆಲೆ ಮಾತ್ರ. ಅದೇ ಬೆಲೆಯ ಇನ್ನೊಂದು ಉಕ್ತಿಯನ್ನು ಅಲ್ಲಿಟ್ಟರೆ ಇಡಿಯ ಅರ್ಥ ಕೆಡಬಾರದು. ಇದನ್ನು ಉಲ್ಲೇಖ ಪಾರದರ್ಶಕತೆ ಎನ್ನಬಹುದು.

ನಮ್ಮ ನೆಲದ ಉದಾಹರಣೆಯನ್ನೇ ತೆಗೆದುಕೊಳ್ಳೋಣ. ಚೋಮನ ದುಡಿಯನ್ನು ಬರೆದವರು 1902ರಲ್ಲಿ ಕೋಟದಲ್ಲಿ ಹುಟ್ಟಿದರು. ಈ ವಾಕ್ಯದಲ್ಲಿ ಚೋಮನ ದುಡಿಯನ್ನು ಬರೆದವರು ಎಂಬುದರ ಸ್ಥಾನದಲ್ಲಿ ಮೂಕಜ್ಜಿಯ ಕನಸುಗಳನ್ನು ಬರೆದವರು ಎಂದಿಟ್ಟರೂ ಸತ್ಯವು ಸತ್ಯವೇ, ಏಕೆಂದರೆ ಇಬ್ಬರೂ ಕಾರಂತರೇ. ಆದರೆ ಚೋಮನ ದುಡಿಯನ್ನು ಬರೆದವರು ಕೋಟದವರೆಂದು ಈ ಹುಡುಗ ಬಲ್ಲನು ಎಂಬ ವಾಕ್ಯದಲ್ಲಿ ಹಾಗೆ ಬದಲಾಯಿಸಿದರೆ ಸತ್ಯವು ಸುಳ್ಳಾಗಬಹುದು; ಹುಡುಗನು ಎರಡನೆಯ ಪುಸ್ತಕದ ಹೆಸರನ್ನೇ ಕೇಳಿಲ್ಲದಿರಬಹುದು. ಹಾಗೆಯೇ, ಕುಂದಾಪುರವು ಪಂಚಗಂಗಾವಳಿಯ ದಡದಲ್ಲಿದೆ ಎಂಬುದು ಊರಿನ ಮಾತು. ಕುಂದಾಪುರದಲ್ಲಿ ನಾಲ್ಕು ಅಕ್ಷರಗಳಿವೆ ಎಂಬುದು ಶಬ್ದದ ಮಾತು. ಮೊದಲನೆಯದು ಪಾರದರ್ಶಕ, ಎರಡನೆಯದು ಅಪಾರದರ್ಶಕ. ಮೂಲ ಉಕ್ತಿಯನ್ನು ಓದುವ ಮ್ಯಾಕ್ರೋ ಎರಡನೆಯ ಜಾತಿಗೆ ಸೇರಿದ್ದು.

ಇಲ್ಲಿ ನನಗೆ ಪಾಣಿನಿಯ ನೆನಪಾಗದಿರದು. ಲೋಕದಲ್ಲಿ ಶಬ್ದವು ಅರ್ಥವನ್ನು ತಿಳಿಸಿದರೆ, ವ್ಯಾಕರಣದಲ್ಲಿ ಉಚ್ಚರಿಸಿದ ಶಬ್ದವು ತನ್ನ ಸ್ವರೂಪವನ್ನೇ ತಿಳಿಸುತ್ತದೆಂದು ಅಷ್ಟಾಧ್ಯಾಯಿಯ ಮೊದಲ ಪಾದದಲ್ಲೇ ವಿಧಿಯಿದೆ. ಅದೇ ಪಾದದಲ್ಲಿ ಇನ್ನೊಂದು ವಿಧಿ: ಒಂದು ರೂಪದ ಸ್ಥಾನದಲ್ಲಿ ಇನ್ನೊಂದು ಆದೇಶವಾಗಿ ಬಂದಾಗ, ಬಂದದ್ದು ಹೋದದ್ದರಂತೆಯೇ ನಡೆಯುತ್ತದೆ, ಅಕ್ಷರವನ್ನೇ ಆಶ್ರಯಿಸಿದ ಕಾರ್ಯಗಳಲ್ಲಿ ಮಾತ್ರ ಹಾಗಲ್ಲ. ಬದಲಾವಣೆಯಾದ ಮೇಲೂ ಮೂಲದ ಗುಣವನ್ನು ನೆನಪಿಡಬೇಕಾದ ಅಗತ್ಯವನ್ನೂ, ಆ ನೆನಪಿನ ಮೇರೆಯನ್ನೂ ಶಾಲಾತುರದ ಆ ಮಹಾನುಭಾವನು ಎರಡು ಸಾವಿರ ವರ್ಷಗಳಿಗೂ ಹಿಂದೆ ಗುರುತಿಸಿದ್ದನು. ಸ್ಟ್ರೇಚಿ ಪಾಣಿನಿಯನ್ನು ಓದಿದ್ದನೆಂದು ನಾನು ಹೇಳುತ್ತಿಲ್ಲ. ಬರಹವನ್ನು ನಿಯಮದಿಂದ ಮಾರ್ಪಡಿಸಹೊರಟವರೆಲ್ಲರಿಗೂ ಈ ಗಂಟು ಎದುರಾಗುತ್ತದೆಂದಷ್ಟೇ ನನ್ನ ಮಾತು.

1969ರ ಶರತ್ಕಾಲದಲ್ಲಿ ಡೇನಾ ಸ್ಕಾಟ್ ಎಂಬ ತರ್ಕಶಾಸ್ತ್ರಜ್ಞನು ಆಕ್ಸ್‌ಫರ್ಡಿಗೆ ಬಂದು ಸ್ಟ್ರೇಚಿಯೊಡನೆ ದುಡಿದನು. ಪ್ರೋಗ್ರಾಮಿನ ಪ್ರತಿಯೊಂದು ಉಕ್ತಿಗೂ ಗಣಿತದಲ್ಲಿ ಒಂದು ಅರ್ಥವನ್ನು ಕೊಡುವ, ಇಡಿಯ ಅರ್ಥವನ್ನು ಬಿಡಿಗಳ ಅರ್ಥದಿಂದಲೇ ಕಟ್ಟುವ ಶಾಸ್ತ್ರವು ಇವರಿಬ್ಬರ ಸಹಯೋಗದಿಂದ ರೂಪುಗೊಂಡಿತು. ಈ ಶಾಸ್ತ್ರದ ಕಣ್ಣಿಗೆ ಎರಡು ಕೂಡು ಮೂರು ಎಂಬುದೂ ಐದು ಎಂಬುದೂ ಒಂದೇ. ಬರೆದದ್ದು ಹೇಗೆ ಎಂಬ ಪ್ರಶ್ನೆಗೆ ಅಲ್ಲಿ ಎಡೆಯಿಲ್ಲ. ಎರಡು ವರ್ಷಗಳ ಅಂತರದಲ್ಲಿ, 1965ರಲ್ಲಿ ಮೂಲ ಬರಹವನ್ನು ಕಾಯುವ ಯಂತ್ರವನ್ನು ಪ್ರಕಟಿಸಿ, 1967ರಲ್ಲಿ ಮೂಲ ಬರಹವು ಲೆಕ್ಕಕ್ಕೆ ಬರಬಾರದೆಂಬ ತತ್ತ್ವವನ್ನು ಬೋಧಿಸಿದ ಮನುಷ್ಯನನ್ನು ಕೆಲವರು ವಿರೋಧಾಭಾಸದ ವ್ಯಕ್ತಿಯೆಂದಾರು. ನನಗೆ ಹಾಗೆ ತೋರುವುದಿಲ್ಲ. ಉಕ್ತಿಗಳನ್ನು ಕಟ್ಟಿ ಬಿಚ್ಚುವುದರಲ್ಲಿ ಕೈ ಸುಟ್ಟುಕೊಂಡವನಿಗೇ ಬೆಲೆಯ ಪಾರದರ್ಶಕತೆ ಎಷ್ಟು ದೊಡ್ಡ ನೆಮ್ಮದಿಯೆಂಬುದು ತಿಳಿಯುತ್ತದೆ.

ಆ ನೆಮ್ಮದಿಗೆ ತೆರಬೇಕಾದ ಬೆಲೆ ಎಷ್ಟೆಂಬುದು ಬಹಳ ತಡವಾಗಿ, 1998ರಲ್ಲಿ, ಮಿಚೆಲ್ ವಾಂಡ್ ಎಂಬ ಅಮೆರಿಕದ ವಿದ್ವಾಂಸನ ಒಂದು ಸಣ್ಣ ಪ್ರಬಂಧದಿಂದ ಸ್ಪಷ್ಟವಾಯಿತು. ಪ್ರೋಗ್ರಾಮು ನಡೆಯುತ್ತಿರುವಾಗಲೇ ತನಗೆ ಒಪ್ಪಿಸಿದ ಉಕ್ತಿಯ ಮೂಲರೂಪವನ್ನು ಓದುವ ಕಾರ್ಯಗಳಿಗೆ ಲಿಸ್ಪ್ ಭಾಷೆಯ ಸಂಪ್ರದಾಯದಲ್ಲಿ ಫೆಕ್ಸ್‌ಪ್ರ್ ಎಂದು ಹೆಸರು. ಅಂಥ ಕಾರ್ಯಗಳನ್ನು ಭಾಷೆಗೆ ಸೇರಿಸಿಕೊಂಡರೆ, ಅಕ್ಷರಶಃ ಒಂದೇ ಆಗಿರದ ಯಾವ ಎರಡು ಉಕ್ತಿಗಳನ್ನೂ ಸಮಾನವೆನ್ನುವಂತಿಲ್ಲವೆಂದು ವಾಂಡನು ತೋರಿಸಿದನು. ಒಳಗಿನ ಹೆಸರುಗಳ ಬದಲಾವಣೆಯೊಂದೇ ಅದಕ್ಕೆ ಅಪವಾದ. ಸಮಾನವಲ್ಲದಿದ್ದರೆ ಒಂದನ್ನು ತೆಗೆದು ಇನ್ನೊಂದನ್ನು ಇಡುವಂತಿಲ್ಲ. ಪ್ರೋಗ್ರಾಮನ್ನು ತಿದ್ದಿ ಚುರುಕುಗೊಳಿಸುವ ಭಾಷಾಂತರಕಕ್ಕೆ ಕೈ ಕಟ್ಟಿದಂತಾಗುತ್ತದೆ. ಮ್ಯಾಕ್ರೋಗಳು ಈ ಆಪತ್ತಿನಿಂದ ಪಾರಾಗುವುದು ಕಾಲದ ವಿಂಗಡಣೆಯಿಂದ. ಪ್ರೋಗ್ರಾಮು ನಡೆಯುವ ಮೊದಲೇ, ಭಾಷಾಂತರದ ಘಟ್ಟದಲ್ಲಿ, ಅವು ಮೂಲವನ್ನು ಓದಿ ತಮ್ಮ ಕೆಲಸವನ್ನು ಮುಗಿಸುತ್ತವೆ. ಆ ಮೇಲೆ ಉಳಿಯುವುದು ಬೆಲೆಗಳ ಲೋಕ. ಮೇಳದವರು ಚೌಕಿಯಲ್ಲಿ ಬಣ್ಣ ಹಚ್ಚಿ ಮುಗಿಸಿಯೇ ರಂಗಕ್ಕೆ ಬರುವಂತೆ. ಇಂದು ಬಳಕೆಯಲ್ಲಿರುವ ಎಷ್ಟೋ ಭಾಷೆಗಳು ಹಿಡಿದಿರುವುದು ಈ ದಾರಿಯನ್ನೇ.

ಸ್ಟ್ರೇಚಿಯು ಇದನ್ನೆಲ್ಲ ಕಾಣಲು ಇರಲಿಲ್ಲ. 1971ರಲ್ಲಿ ಆಕ್ಸ್‌ಫರ್ಡ್ ಆತನಿಗೆ ಪ್ರಾಧ್ಯಾಪಕ ಪದವಿಯನ್ನು ಕೊಟ್ಟಿತು; ದರ್ಜೆ ತಪ್ಪಿದ ಪದವೀಧರನಿಗೆ ಐವತ್ತೈದನೆಯ ವರ್ಷದ ಹೊತ್ತಿಗೆ ಬಂದ ಮನ್ನಣೆ. ಆತನು ಬರೆದು ಪ್ರಕಟಿಸಿದ್ದು ಕಡಮೆ. ಹೇಳಿದ್ದು, ಕಲಿಸಿದ್ದು, ಅರ್ಧ ಬರೆದು ಬದಿಗಿಟ್ಟದ್ದು ಹೆಚ್ಚು. ಮನಸ್ಸಿಗೆ ಒಪ್ಪದ ಒಂದು ವಾಕ್ಯವನ್ನೂ ಅಚ್ಚಿಗೆ ಕೊಡಲೊಲ್ಲದ ಜಾಯಮಾನ ಆತನದು. ವಿದ್ವಾಂಸನಿಗೆ ಅದು ಗುಣವೋ ದೋಷವೋ ಎಂಬುದನ್ನು ತೀರ್ಮಾನಿಸಲು ನಾನು ಅಶಕ್ತ. ಶಿಷ್ಯನಾದ ರಾಬರ್ಟ್ ಮಿಲ್ನನೊಡನೆ ಸೇರಿ ಆಡಮ್ಸ್ ಬಹುಮಾನದ ಸ್ಪರ್ಧೆಗಾಗಿ ಒಂದು ದೀರ್ಘ ಪ್ರಬಂಧವನ್ನು ಸಿದ್ಧಪಡಿಸಿದನು. ಅದನ್ನು ಪುಸ್ತಕವಾಗಿ ತಿದ್ದುವ ಕೆಲಸ ಮುಂದಿತ್ತು. ಅಷ್ಟರಲ್ಲಿ ಕಾಮಾಲೆಯ ಜಾತಿಯ ಯಕೃತ್ತಿನ ಸೋಂಕು ತಗಲಿ 1975ರ ಮೇ 18ರಂದು ಆಕ್ಸ್‌ಫರ್ಡಿನಲ್ಲಿ ತೀರಿಕೊಂಡನು. ಆಗ ವಯಸ್ಸು 58.

ಪ್ರಬಂಧವು 1976ರಲ್ಲಿ ಮಿಲ್ನನ ಕೈಯಿಂದ ಪುಸ್ತಕವಾಗಿ ಹೊರಬಂತು. ಕೋಪನ್‌ಹೇಗನ್ನಿನ ಉಪನ್ಯಾಸಗಳು ಮೂವತ್ತಮೂರು ವರ್ಷ ನಕಲು ಪ್ರತಿಗಳಾಗಿಯೇ ಕೈಯಿಂದ ಕೈಗೆ ದಾಟಿ, 2000ದಲ್ಲಿ ಒಂದು ವಿದ್ವತ್ಪತ್ರಿಕೆಯಲ್ಲಿ ಅಚ್ಚಾದವು. ಪ್ರೇಮಪತ್ರದ ಪ್ರೋಗ್ರಾಮಿಗೂ ಜಿ.ಪಿ.ಎಂ.ಗೂ ಸಂಬಂಧಿಸಿದ ಕಾಗದಗಳು ಸೇರಿದಂತೆ ಆತನ ಹಸ್ತಪ್ರತಿಗಳು ಆಕ್ಸ್‌ಫರ್ಡಿನ ಬೋಡ್ಲಿಯನ್ ಗ್ರಂಥಾಲಯದಲ್ಲಿವೆ.